ಮಳೆ ತೊಳೆದು ಮಾಡಿದ ಕಲ್ಲು

ಕೇಳುಗರೆಲ್ಲರಿಗೆ ನಮಸ್ಕಾರ.

ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಎಲ್ಲರಿಗೂ ನೆನಪಿರಬಹುದು. ಆದರೆ ನಮ್ಮ ಕಾಸರಗೋಡಿನಲ್ಲಿ, ಬಾಯಾರಿನಿಂದ ಬೇಕಲದವರೆಗೆ ನಾವು ಮನೆಗೋಡೆಗೆ ಇಡುವ ಕೆಂಪುಕಲ್ಲು, ಅಂದರೆ ಮುರಕಲ್ಲು, ಈ ಮೂರರಲ್ಲಿ ಒಂದಕ್ಕೂ ಸರಿಯಾಗಿ ಸೇರುವುದಿಲ್ಲ. ಅದು ಇದ್ದಲ್ಲೇ ಇದ್ದು, ಲಕ್ಷಾಂತರ ಮಳೆಗಾಲಗಳಿಗೆ ಮೈಯೊಡ್ಡಿ, ತನ್ನಲ್ಲಿದ್ದದ್ದನ್ನು ಕಳೆದುಕೊಂಡು ಕಲ್ಲಾದದ್ದು. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಅವನು ವರ್ಣಿಸಿದ, ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದ ಕಲ್ಲು ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದೇ ಕಲ್ಲು ನಮ್ಮಲ್ಲಿ ದನದ ಹಟ್ಟಿಗೂ ಉಂಟು.

ಮೂಲದಲ್ಲಿ ಇದು ಕಗ್ಗಲ್ಲು. ನಮ್ಮ ಗುಡ್ಡಗಳ ಬುಡದಲ್ಲಿರುವ ನೈಸ್, ಚಾರ್ನೋಕೈಟ್ ಶಿಲೆಗಳಿಗೆ ಸುಮಾರು 250 ಕೋಟಿ ವರ್ಷ, ಕೆಲವಕ್ಕೆ ಅದಕ್ಕಿಂತ ಹೆಚ್ಚು ವಯಸ್ಸು. ಈ ಶಿಲೆಯಲ್ಲಿ ಬಿಳಿಯ ಫೆಲ್ಡ್‌ಸ್ಪಾರ್, ಗಾಜಿನಂಥ ಬೆಣಚು, ಕಬ್ಬಿಣ ತುಂಬಿದ ಕಪ್ಪು ಖನಿಜಗಳು ಬೆರೆತಿವೆ. ಮಳೆನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗಿಯೇ ನೆಲಕ್ಕೆ ಬೀಳುತ್ತದೆ. ತರಗೆಲೆ ಕೊಳೆಯುವ ಮೇಲ್ಮಣ್ಣಿನಲ್ಲಿ ಆ ಅನಿಲ ಹೊರಗಿನ ಗಾಳಿಗಿಂತ ಎಷ್ಟೋ ಪಟ್ಟು ಜಾಸ್ತಿ, ಹಾಗಾಗಿ ಅಲ್ಲಿಂದ ಕೆಳಗಿಳಿಯುವಾಗ ನೀರು ಮತ್ತೂ ಹುಳಿ. ಈ ನೀರು ಫೆಲ್ಡ್‌ಸ್ಪಾರಿನ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಕರಗಿಸಿ ಒಯ್ಯುತ್ತದೆ, ಸಿಲಿಕವನ್ನೂ ಸ್ವಲ್ಪ ಸ್ವಲ್ಪವಾಗಿ ಕದಿಯುತ್ತದೆ. ಬೆಲ್ಲ ಬೆರೆತ ಮರಳಿಗೆ ನೀರು ಹೊಯ್ದ ಹಾಗೆ: ಕರಗುವುದು ಹೊಳೆಗೆ, ಕರಗದ್ದು ಅಲ್ಲಿಯೇ. ಉಳಿಯುವುದು ಮುಖ್ಯವಾಗಿ ಕಬ್ಬಿಣ, ಅಲ್ಯೂಮಿನಿಯಂ ಮತ್ತು ಕೆಯೋಲಿನ್ ಎಂಬ ಬಿಳಿ ಜೇಡಿ. ಸಿಲಿಕ ಪೂರ್ತಿ ತೊಳೆದುಹೋದ ಕಡೆ ಅಲ್ಯೂಮಿನಿಯಂ ಕೂಡಿ ಬಾಕ್ಸೈಟ್ ಆಗುತ್ತದೆ. ನೀಲೇಶ್ವರ, ಕಾಞಂಗಾಡು ಕಡೆಯ ಬಾಕ್ಸೈಟ್ ಹೀಗೆ ಆದದ್ದು.

ಬರಿ ಮಳೆ ಸಾಲದು, ಬೇಸಿಗೆಯೂ ಬೇಕು. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆಗ ಅಂತರ್ಜಲ ಮೇಲೇರುತ್ತದೆ. ಗಾಳಿಯಿಲ್ಲದ ಆ ನೀರಿನಲ್ಲಿ ಕಬ್ಬಿಣ ಕರಗಿ ಅತ್ತಿತ್ತ ಚಲಿಸುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ನೀರು ಇಳಿದು ರಂಧ್ರಗಳಿಗೆ ಗಾಳಿ ನುಗ್ಗಿದೊಡನೆ ಅದೇ ಕಬ್ಬಿಣ ತುಕ್ಕಾಗಿ ಗಟ್ಟಿಗೊಳ್ಳುತ್ತದೆ. ಹಳದಿ, ಕಂದು ಬಣ್ಣ ಗೋಯೆಥೈಟ್ ಎಂಬ ಕಬ್ಬಿಣದ ಖನಿಜದ್ದು, ಕಡುಕೆಂಪು ಹೆಮಟೈಟ್ ಎಂಬ ಇನ್ನೊಂದರದು. ಒಂದು ಮೀಟರ್ ಶಿಲೆ ಹೀಗೆ ಶಿಥಿಲವಾಗಲು ಹತ್ತಾರು ಸಾವಿರ ವರ್ಷ ಬೇಕು.

ಇದನ್ನು ಕಣ್ಣಾರೆ ನೋಡಬೇಕಾದರೆ ಯಾವುದಾದರೂ ಹಳೆಯ ಕಲ್ಲುಕೋರೆಯ ಗೋಡೆಯೆದುರು ನಿಲ್ಲಿ. ಎಲ್ಲಕ್ಕಿಂತ ಮೇಲೆ ಪಿಕ್ಕಾಸಿಗೂ ಬಗ್ಗದ ಕರಿಗೆಂಪು ಚಿಪ್ಪು. ಅದರಡಿ ಹುಳ ತಿಂದಂತೆ ತೂತುತೂತಾದ ಕೆಂಪುಕಲ್ಲು, ನಾವು ಕೊರೆದು ತೆಗೆಯುವುದು ಇದನ್ನೇ. ತೂತುಗಳಲ್ಲಿ ಹಳದಿ, ಬಿಳಿ ಜೇಡಿ ಕೂತಿರುತ್ತದೆ. ಕೆಳಗೆ ಹೋದಂತೆ ಕೆಂಪು ಕಡಿಮೆಯಾಗಿ, ಬಿಳಿ, ಗುಲಾಬಿ, ನೇರಳೆ ಮಚ್ಚೆಗಳ ಮೆದು ಮಣ್ಣು. ಅದೇ ಶೇಡಿ. ಶೇಡಿಯ ಕೆಳಗೆ ಅರೆಬೆಂದ ಶಿಲೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ, ಆದರೂ ಮೂಲ ಕಗ್ಗಲ್ಲಿನ ಗೆರೆಗಳು ಹಾಗೇ ಕಾಣುತ್ತವೆ. ಕಟ್ಟಕಡೆಗೆ ಗಟ್ಟಿ ಶಿಲೆ. ಮೇಲೆ ಗಟ್ಟಿ, ನಡುವೆ ಮೆದು, ಅಡಿಯಲ್ಲಿ ಮತ್ತೆ ಗಟ್ಟಿ. ಬಾವಿ, ಸುರಂಗ, ಗೋಡೆ, ಗುಡ್ಡಕುಸಿತ, ನಮ್ಮ ಊರಿನ ಎಲ್ಲ ಲೆಕ್ಕವೂ ಈ ಅನುಕ್ರಮದ ಮೇಲೆ ನಿಂತಿದೆ.

ಕೋರೆಯಿಂದ ಆಗಷ್ಟೇ ಎತ್ತಿದ ಕಲ್ಲು ಕತ್ತಿಯಲ್ಲಿ ಕೆತ್ತುವಷ್ಟು ಮೆತ್ತಗಿರುತ್ತದೆ. ಬಿಸಿಲು ಗಾಳಿಗೆ ಒಣಗಿದಾಗ ನೀರು ಹಿಡಿದುಕೊಂಡಿದ್ದ ಕಬ್ಬಿಣದ ಅಂಶ ಸ್ಫಟಿಕವಾಗಿ ಬಲೆಯಂತೆ ಹೆಣೆದುಕೊಳ್ಳುತ್ತದೆ. ಒಮ್ಮೆ ಹಾಗೆ ಬಿಗಿದ ಮೇಲೆ ನೀರು ಬಿದ್ದರೂ ಮತ್ತೆ ಮೆತ್ತಗಾಗುವುದಿಲ್ಲ. ಆದ್ದರಿಂದ ಕಲ್ಲನ್ನು ಕೋರೆಯಿಂದ ನೇರ ಗೋಡೆಗೆ ಏರಿಸುವ ಈಗಿನ ಅವಸರ ಒಳ್ಳೆಯದಲ್ಲ. ಮೂರು ತಿಂಗಳಾದರೂ ಬಯಲಲ್ಲಿ ಅಟ್ಟಿಹಾಕಿ ಒಣಗಿಸಬೇಕು. ಭಾರತೀಯ ಮಾನಕದ ಪ್ರಕಾರ ಗೋಡೆಯ ಕಲ್ಲು ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಒತ್ತಡ ತಾಳಬೇಕು, ತನ್ನ ತೂಕದ ನೂರಕ್ಕೆ 12ಕ್ಕಿಂತ ಹೆಚ್ಚು ನೀರು ಹೀರಬಾರದು. ಎರಡನೆಯದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಚೆನ್ನಾಗಿ ಒಣಗಿದ ಕಲ್ಲನ್ನು ತೂಗಿ, ಒಂದು ಹಗಲು ಒಂದು ರಾತ್ರಿ ನೀರಲ್ಲಿ ಮುಳುಗಿಸಿ, ಮೈ ಒರೆಸಿ ಮತ್ತೆ ತೂಗಿ. 30 ಕಿಲೋದ ಕಲ್ಲು 33.6 ಕಿಲೋ ದಾಟಿದರೆ ಅದನ್ನು ಅಡಿಪಾಯಕ್ಕಾಗಲಿ, ಸಾರಣೆ ಮಾಡದ ಹೊರಗೋಡೆಗಾಗಲಿ ಬಳಸಬೇಡಿ. ಬಿಳಿ ಜೇಡಿಯ ದೊಡ್ಡ ಮಚ್ಚೆಯಿರುವ ಕಲ್ಲೂ ಬೇಡ. ಮಳೆ ಹೊಡೆದಾಗ ಜೇಡಿ ತೊಳೆದುಹೋಗಿ ಪೊಟರೆ ಉಳಿಯುತ್ತದೆ. ಆರಿಸಿ ಕಟ್ಟಿದರೆ ಎಷ್ಟು ಬಾಳುತ್ತದೆ ಅನ್ನುವುದಕ್ಕೆ ಕಡಲಗಾಳಿಗೆ ಎದೆಯೊಡ್ಡಿ ನಿಂತ ಬೇಕಲ ಕೋಟೆ ಸಾಕು, ಅದೂ ಇದೇ ಕಲ್ಲು.

ನೆಲದ ಆಕಾರಕ್ಕೂ ಈ ಮೇಲಿನ ಚಿಪ್ಪೇ ಕಾರಣ. ನಮ್ಮ ಪದವುಗಳು, ಅಂದರೆ ಗುಡ್ಡದ ನೆತ್ತಿಯ ಬಯಲುಗಳು, ಮೇಲೆ ಚಪ್ಪಟೆ, ಅಂಚಿನಲ್ಲಿ ಕಡಿದಾಗಿ ಇಳಿಯುತ್ತವೆ. ಚಿಪ್ಪು ಇರುವಷ್ಟು ಜಾಗ ಸವೆಯದೆ ಉಳಿಯಿತು, ಸುತ್ತಲಿನ ಮೆದು ಮಣ್ಣನ್ನು ತೋಡು, ಹೊಳೆಗಳು ಕೊರೆದು ಒಯ್ದವು. ಹೀಗಾಗಿ ಒಂದು ಕಾಲದಲ್ಲಿ ಕಬ್ಬಿಣದ ನೀರು ಬಂದು ಸೇರುತ್ತಿದ್ದ ತಗ್ಗು ಜಾಗವೇ ಗಟ್ಟಿಯಾಗಿ, ಕೊನೆಗೆ ಎತ್ತರದ ಪದವು ಆಗಿ ಉಳಿಯುವುದೂ ಉಂಟು. ಪದವಿನ ಮೇಲೆ ತಗ್ಗಿರುವಲ್ಲಿ ಮಳೆನೀರು ನಿಂತು ಪಳ್ಳಗಳಾಗುತ್ತವೆ. ಬಂಜರು ಅಂತ ಕಡತದಲ್ಲಿ ಬರೆದರೂ, ಕೆಳಗಿನ ತೋಟಗಳ ನೀರು ಇಂಗುವುದು ಈ ಪದವುಗಳ ಬಿರುಕುಗಳಲ್ಲೇ.

ಇಂಗಿದ ನೀರು ತೂತುಕಲ್ಲಿನಲ್ಲಿ ಸಲೀಸಾಗಿ ಇಳಿದು, ಶೇಡಿಯ ಮೇಲೆ ತಡೆದು ನಿಂತು, ಅಡ್ಡಕ್ಕೆ ಹರಿಯತೊಡಗುತ್ತದೆ. ನಮ್ಮ ಹಿರಿಯರು ಗುಡ್ಡದೊಳಕ್ಕೆ ಅಡ್ಡಡ್ಡ ಸುರಂಗ ತೋಡಿದ್ದು ಆ ನೀರಿಗೆ. ಆಳೊಬ್ಬ ತುಸು ಬಗ್ಗಿ ನಡೆಯುವಷ್ಟು ಎತ್ತರ, ಎರಡಡಿ ಆಸುಪಾಸು ಅಗಲ. ಉದ್ದ ಕೆಲವು ಮೀಟರಿನಿಂದ 300 ಮೀಟರಿನವರೆಗೆ. ಒಳಗೆ ಹೋದಂತೆ ನೆಲ ಚೂರು ಚೂರೇ ಏರಬೇಕು, ಆಗ ಪಂಪಿಲ್ಲದೆ ನೀರು ಬಾಯಿಗೆ ಹರಿದುಬರುತ್ತದೆ. ತೋಡುವುದು ಬೇಸಿಗೆಯಲ್ಲಿ. ಆಗ ಕಂಡ ಒರತೆಯೇ ವರ್ಷವಿಡೀ ನಿಲ್ಲುವ ಒರತೆ, ಕುಸಿಯುವ ಭಯವೂ ಕಡಿಮೆ. ಒಳಗೆ ಹಚ್ಚಿಟ್ಟ ಮೇಣದಬತ್ತಿ ಮಂಕಾದರೆ ಆಮ್ಲಜನಕ ಸಾಲದೆಂದು ಹೊರಗೆ ಬರಬೇಕು. ಉದ್ದದ ಸುರಂಗಕ್ಕೆ ಮೇಲಿನಿಂದ ಗಾಳಿಬಾವಿ ಇಳಿಸುತ್ತಾರೆ. ಮುರಕಲ್ಲಿನ ಮಾಡು ಆಸರೆಯಿಲ್ಲದೆ ನಿಲ್ಲುತ್ತದೆ, ಶೇಡಿ ನಿಲ್ಲುವುದಿಲ್ಲ. ಗೋಡೆಯಲ್ಲಿ ಬಿಳಿ, ನೇರಳೆ ಮಣ್ಣು ಕಾಣಿಸಿದರೆ ಅನುಭವಿ ಕೆಲಸಗಾರ ದಿಕ್ಕು ಬದಲಿಸುತ್ತಾನೆ, ಇಲ್ಲವೆ ಅಲ್ಲಿಗೇ ನಿಲ್ಲಿಸುತ್ತಾನೆ.

ಈ ಎಚ್ಚರಿಕೆಯನ್ನು ಜೆಸಿಬಿ ಕೇಳುವುದಿಲ್ಲ. ಮನೆಗೋ ರಸ್ತೆಗೋ ಗುಡ್ಡವನ್ನು ನೆಟ್ಟಗೆ ಕಡಿದಾಗ ಮೇಲಿನ ಕೆಂಪುಕಲ್ಲು ವರ್ಷಗಟ್ಟಲೆ ನಿಲ್ಲಬಹುದು. ಕಡಿತ ಶೇಡಿಯನ್ನು ಮುಟ್ಟಿದರೆ ಕತೆಯೇ ಬೇರೆ. ಒಣಗಿದ್ದಾಗ ಅದು ಉಗುರಿಗೆ ಜಗ್ಗದಷ್ಟು ಗಟ್ಟಿ, ನೆನೆದರೆ ಹಿಡಿತ ಕಳೆದುಕೊಂಡು ಜಾರುತ್ತದೆ, ಮೇಲಿನ ಕಲ್ಲು ಬುಡವಿಲ್ಲದೆ ಗೋಡೆಗೋಡೆಯಾಗಿ ಕಳಚಿ ಬೀಳುತ್ತದೆ. ಕೆಲವೆಡೆ ನೀರು ಶೇಡಿಯನ್ನು ಒಳಗೊಳಗೇ ಕೊಚ್ಚಿ, ಯಾರೂ ತೋಡದ ಕೊಳವೆದಾರಿಗಳನ್ನೇ ಮಾಡಿಬಿಡುತ್ತದೆ. ತೋಟದಲ್ಲಿ ಇದ್ದಕ್ಕಿದ್ದಂತೆ ಗುಂಡಿ ಬಾಯಿಬಿಡುವುದು, ತೋಡಿನ ನೀರು ಕಾರಣವಿಲ್ಲದೆ ಹಾಲುಬಿಳಿ ಆಗುವುದು ಇದರ ಗುರುತು.

ಹಾಗಾಗಿ ಕಡಿಯಲೇಬೇಕಾದರೆ ಎರಡು ಮೂರು ಮೀಟರಿಗೊಂದು ಮೆಟ್ಟಿಲಿನಂಥ ತಟ್ಟು ಬಿಟ್ಟು ಕಡಿಯಿರಿ. ಶೇಡಿಯಿರುವ ಭಾಗವನ್ನು ನೆಟ್ಟಗೆ ನಿಲ್ಲಿಸದೆ ಇಳಿಜಾರು ಮಾಡಿ. ಮೇಲಿನ ಅಂಚಿನ ಹಿಂದೆ ಕಣಿ ತೋಡಿ, ಅದಕ್ಕೆ ಸಿಮೆಂಟ್ ಹಾಸಿ, ನೀರನ್ನು ಬದಿಗೆ ತಿರುಗಿಸಿ. ಇಂಗುಗುಂಡಿ ಒಳ್ಳೆಯದೇ, ಆದರೆ ಬರೆಯ, ಅಂದರೆ ಕಡಿದ ಗುಡ್ಡದ ಗೋಡೆಯ, ನೆತ್ತಿಯಲ್ಲಿ ಬೇಡ, ಅಲ್ಲಿ ಇಂಗಿದ ನೀರು ನೇರ ಶೇಡಿಗೆ ಹೋಗುತ್ತದೆ. ತಡೆಗೋಡೆ ಕಟ್ಟಿದರೆ ನೀರು ಬಸಿಯುವ ತೂತುಗಳನ್ನು ಬಿಟ್ಟು ಅದರ ಬೆನ್ನಿಗೆ ಜಲ್ಲಿ ತುಂಬಿಸಿ, ಅಗೆದ ಶೇಡಿಯನ್ನೇ ತುಂಬಿಸಿದರೆ ಗೋಡೆ ಹೊಟ್ಟೆ ಬರುತ್ತದೆ. ಜೂನ್, ಜುಲೈಯಲ್ಲಿ ಬರೆಯ ನೆತ್ತಿಗೆ ಹೋಗಿ ನೋಡುತ್ತಿರಿ. ಅಂಚಿಗೆ ಸಮಾನಾಂತರವಾಗಿ ಬಿರುಕು ಕಂಡರೆ ಟಾರ್ಪಾಲು ಹೊದಿಸಿ ನೀರು ತಡೆಯಿರಿ. ಬಿರುಕು ಅಗಲವಾಗುತ್ತಿದ್ದರೆ, ಅಥವಾ ಬುಡದಿಂದ ಕೆಸರುನೀರು ಬರತೊಡಗಿದರೆ, ಕೆಳಗಿನ ಮನೆಯಲ್ಲಿ ಆ ರಾತ್ರಿ ಯಾರೂ ಮಲಗಬಾರದು.