ಪೇಪರ್ ಕತ್ತರಿಸೋ ಅಲಗು ಐಸಿಗೆ ಯಾಕೆ ಇಳೀಲಿಲ್ಲ? ರಾಜಾಜಿನಗರದ ಟೆರೇಸ್‌ನಲ್ಲಿ ಐಸ್ ಆಗರ್ ಸಾಣೆ

ನಮಸ್ಕಾರ ಎಲ್ರಿಗೂ. ಈಗ ಕಾಣ್ತಿರೋದು ನಮ್ಮ ಮನೆ ಟೆರೇಸು, ರಾಜಾಜಿನಗರ. ವಾಟರ್ ಟ್ಯಾಂಕ್ ಪಕ್ಕ ಗೋಡೆಗೆ ಒರಗಿಸಿದೀವಲ್ಲ, ಮೇಲ್ಗಡೆ ಹ್ಯಾಂಡಲ್ಲು, ಮಧ್ಯ ಸುರುಳಿ, ತುದೀಲಿ ಎರಡು ಅಲಗು, ಅದು ಹ್ಯಾಂಡ್ ಆಗರ್. ಕೆರೆ ಹೆಪ್ಪುಗಟ್ಟಿದ ಮೇಲೆ ಅದರ ಮೇಲೇ ನಡ್ಕೊಂಡು ಹೋಗಿ, ಇದನ್ನ ಕೈಯಲ್ಲೇ ತಿರುಗಿಸಿ ತೂತು ಕೊರೆದು, ಆ ತೂತೊಳಗೆ ಗಾಳ ಬಿಟ್ಟು ಮೀನು ಹಿಡಿಯೋದು. ಬೆಂಗಳೂರಲ್ಲಿ ದಾಖಲಾಗಿರೋ ಅತಿ ಕಡಿಮೆ ಟೆಂಪರೇಚರ್ 7.8 ಡಿಗ್ರಿ, ಅದೂ 1884ರ ಜನವರೀಲಿ, ಹಂಗಾಗಿ ಸ್ಯಾಂಕಿ ಕೆರೆ ಮೇಲೆ ಇದನ್ನ ತಿರುಗಿಸೋ ಪ್ರಶ್ನೆ ಬರಲ್ಲ. ನಮ್ಮಣ್ಣ ಇರೋದು ಅಮೆರಿಕದ ಮಿನ್ನೆಸೋಟದಲ್ಲಿ, ಅಲ್ಲಿ ಚಳಿಗಾಲದಲ್ಲಿ ಮಿಲ್ ಲ್ಯಾಕ್ಸ್ ಅಂತ ದೊಡ್ಡ ಕೆರೆಗೆ ವಾಲ್‌ಐ ಮೀನು ಹಿಡಿಯೋಕೆ ಹೋಗ್ತಾನೆ, ಐಸ್ ಸೀಸನ್ ಮುಗಿದ್ಮೇಲೆ ರಜಕ್ಕೆ ಬಂದಾಗ ಆಗರ್‌ನ ಎರಡು ತುಂಡಾಗಿ ಬಿಚ್ಚಿ ಸೂಟ್‌ಕೇಸಲ್ಲಿ ಹಾಕ್ಕೊಂಡು ಬಂದ. ಯಾಕಂದ್ರೆ ಅಪ್ಪ ಇಲ್ಲಿದಾರೆ. ಅಪ್ಪ ಪೀಣ್ಯದಲ್ಲಿ ಟೂಲ್ ರೂಮಲ್ಲಿ ಗ್ರೈಂಡರ್ ಮೇಲೆ ಕೆಲಸ ಮಾಡಿ ರಿಟೈರ್ ಆದೋರು.

ಸಮಸ್ಯೆ ಏನಪ್ಪ ಅಂದ್ರೆ, ಅಲ್ಲಿ ಒಂದು ಅಂಗಡೀಲಿ ಅಣ್ಣ ಈ ಅಲಗುಗಳನ್ನ ಸಾಣೆಗೆ ಕೊಟ್ಟಿದ್ದ. ವಾಪಸ್ ಬಂದಾಗ ಪೇಪರ್ ಹಿಡಿದ್ರೆ ಸರ್ರಂತ ಕತ್ತರಿಸ್ತಿತ್ತಂತೆ, ಕೈ ಮೇಲಿನ ಕೂದಲೂ ಹೋಗ್ತಿತ್ತಂತೆ, ಆದ್ರೆ ಐಸ್ ಮೇಲಿಟ್ಟು ತಿರುಗಿಸಿದ್ರೆ ಸುಮ್ನೆ ಜಾರ್ತಾ ಸುತ್ತುತ್ತೆ, ಇಳಿಯೋದೇ ಇಲ್ಲ, ಮೈಭಾರ ಎಲ್ಲ ಹಾಕಿ ಒತ್ತಿದ್ರೂ ಬರೀ ಬಿಳಿ ಪುಡಿ. ಚಳಿಗಾಲದ ಕೊನೆಗೆ ಅಲ್ಲಿ ಐಸು ಎರಡು ಅಡಿ ದಾಟೋದು ಮಾಮೂಲು, ಮೀನು ಒಂದೇ ಕಡೆ ಇರಲ್ಲ ಅಂತ ಜಾಗ ಬದಲಾಯಿಸಿ ಮತ್ತೆ ಮತ್ತೆ ತೂತು ಹಾಕ್ಬೇಕು, ಅಂಥಾದ್ರಲ್ಲಿ ಅಲಗು ಕಚ್ಚಲಿಲ್ಲ ಅಂದ್ರೆ ಭುಜ ಸತ್ತು ಹೋಗುತ್ತೆ.

ಅಪ್ಪ ಅಲಗು ಕೈಗೆ ತಗೊಂಡು ಕನ್ನಡಕ ಏರಿಸಿ ನೋಡಿದ್ರು. ಇದಕ್ಕೆ ಕ್ಲಿಯರೆನ್ಸ್ ಹೋಗಿದೆ ಅಂದ್ರು, ಅಷ್ಟೇ.

ಈ ವಿಡಿಯೋ ಪೂರ್ತಿ ಆ ಒಂದು ಮಾತಿನ ಬಗ್ಗೆ. ಕೈಯಲ್ಲಿ ತಿರುಗಿಸೋ ಆಗರ್ ಐಸನ್ನ ಒಡೆಯಲ್ಲ, ಬಡಗಿಗಳು ಹತ್ತರಿ ಹೊಡೀತಾರಲ್ಲ ಹಂಗೆ ತೆಳ್ಳಗೆ ಸಿಪ್ಪೆ ಸಿಪ್ಪೆಯಾಗಿ ಎತ್ತುತ್ತೆ. ಹಂಗೆ ಎತ್ತಬೇಕು ಅಂದ್ರೆ ಐಸಿಗೆ ಮೊದಲು ತಾಗೋದು ಅಲಗಿನ ಅಂಚು ಮಾತ್ರ ಆಗಿರ್ಬೇಕು, ಅಂಚಿನ ಹಿಂದೆ ಇರೋ ಲೋಹ ಎಲ್ಲ ಐಸಿಂದ ಸ್ವಲ್ಪ ಮೇಲಕ್ಕೆ ದೂರ ಇರ್ಬೇಕು, ಆ ಸಂದಿಗೇ ಕ್ಲಿಯರೆನ್ಸ್ ಅನ್ನೋದು, ಯಾಕಂದ್ರೆ ಒಂದು ಸುತ್ತು ತಿರುಗೋ ಅಷ್ಟ್ರಲ್ಲಿ ಆಗರ್ ಸ್ವಲ್ಪ ಕೆಳಗೆ ಇಳೀಬೇಕಲ್ಲ, ಹಿಂಭಾಗ ಐಸಿಗೆ ಕೂತ್ಬಿಟ್ರೆ ಇಳಿಯೋಕೆ ಜಾಗ ಎಲ್ಲಿ? ಲೇತ್ ಟೂಲಿಗೂ ಇದೇ ಲೆಕ್ಕ, ಡ್ರಿಲ್ ಬಿಟ್ಟಿಗೂ ಇದೇ. ಡ್ರಿಲ್ ಬಿಟ್ ತುದಿ 118 ಡಿಗ್ರಿ ಅಂತ ಐಟಿಐ ಹುಡುಗ್ರೆಲ್ಲ ಹೇಳ್ತಾರೆ, ಆದ್ರೆ ಆ ಅಂಚಿನ ಹಿಂದೆ ರಿಲೀಫ್, ಅಂದ್ರೆ ಇದೇ ಥರ ಸಂದಿ, ಕೊಡದೆ ಗ್ರೈಂಡ್ ಮಾಡಿದ್ರೆ ಬಿಟ್ ಬರೀ ಉಜ್ಜುತ್ತೆ, ಬಿಸಿಯಾಗುತ್ತೆ, ಕೊರೆಯಲ್ಲ. ಆ ಅಂಗಡಿಯೋರು ಅಡುಗೆಮನೆ ಚಾಕುಗೆ ಮಾಡೋ ಹಾಗೆ ಎರಡೂ ಕಡೆ ಉಜ್ಜಿ ಕೊಟ್ಟಿದಾರೆ. ಕೆಳಗಡೆ, ಅಂದ್ರೆ ಐಸ್ ಕಡೆ ಮುಖ ಮಾಡಿರೋ ಭಾಗದಲ್ಲಿ, ಕೂದಲೆಳೆ ಅಗಲದ ಒಂದು ಹೊಸ ಇಳಿಜಾರು ಹುಟ್ಟಿಕೊಂಡಿದೆ, ಅದು ಅಂಚನ್ನ ಐಸಿಂದ ಮೇಲಕ್ಕೆ ಎತ್ತಿ ಹಿಡೀತಿದೆ.

ಇದನ್ನ ನೀವೇ ನೋಡಬಹುದು, ಕ್ಯಾಮೆರಾ ಹತ್ರ ತರ್ತೀನಿ. ಅಲಗನ್ನ ಆಗರ್‌ಗೆ ಫಿಟ್ ಮಾಡಿ, ಉಲ್ಟಾ ಹಿಡಿದು, ಒಂದು ಸ್ಟೀಲ್ ಸ್ಕೇಲನ್ನ ಶಾಫ್ಟಿಗೆ ನೈಂಟಿ ಡಿಗ್ರೀಲಿ ಅಂಚಿನ ಮೇಲಿಟ್ಟು ಹಿಂದಿಂದ ಮೊಬೈಲ್ ಟಾರ್ಚ್ ಬಿಡಿ. ಸರಿ ಇರೋ ಅಲಗಲ್ಲಿ ಅಂಚು ಸ್ಕೇಲಿಗೆ ತಾಗಿರುತ್ತೆ, ಹಿಂದೆ ಬೆಳಕು ತೂರುತ್ತೆ. ಇದ್ರಲ್ಲಿ ನೋಡಿ, ಬೆಳಕು ಕಾಣ್ತಿರೋದು ಅಂಚಿಗೂ ಸ್ಕೇಲಿಗೂ ನಡುವೆ! ಸ್ಕೇಲು ಕೂತಿರೋದು ಹಿಂದಿನ ದಿಣ್ಣೆ ಮೇಲೆ. ಇಂಥ ಅಲಗು ಬ್ಲೇಡಿಗಿಂತ ಹರಿತ ಇದ್ರೂ ಐಸ್ ಹಿಡಿಯಲ್ಲ.

ಸರಿ, ರಿಪೇರಿ. ಕೆಳಗಿನ ಮುಖ ಮುಟ್ಟಲ್ಲ. ಮೇಲ್ಗಡೆ ಫ್ಯಾಕ್ಟರಿ ಕೊಟ್ಟಿರೋ ಇಳಿಜಾರನ್ನೇ ಉಜ್ತಾ ಹೋಗ್ಬೇಕು, ಅಂಚು ನಿಧಾನಕ್ಕೆ ಹಿಂದೆ ಸರೀತಾ ಬಂದು ಆ ಕೆಳಗಿನ ಬೇಡದ ಇಳಿಜಾರನ್ನ ತಿಂದು ಹಾಕೋವರೆಗೂ. ಬೆಂಚ್ ಗ್ರೈಂಡರಲ್ಲಿ ಬೇಗ ಆಗುತ್ತೆ ನಿಜ, ಆದ್ರೆ ತೆಳು ಅಂಚು ಕಣ್ಣು ಮಿಟುಕಿಸೋದ್ರೊಳಗೆ ಕಾಯುತ್ತೆ, ಕಾರ್ಬನ್ ಸ್ಟೀಲ್ ಸುಮಾರು 300 ಡಿಗ್ರಿಗೆ ನೀಲಿ ತಿರುಗುತ್ತೆ, ನೀಲಿ ಬಂತು ಅಂದ್ರೆ ಆ ಜಾಗದ ಟೆಂಪರ್, ಅಂದ್ರೆ ಗಡಸುತನ, ಹೋಯ್ತು ಅಂತಲೇ ಅರ್ಥ, ಆಮೇಲೆ ಎಷ್ಟು ಸಾಣೆ ಹಿಡಿದ್ರೂ ನಿಲ್ಲಲ್ಲ. ಅದಕ್ಕೇ ಕೈಯಲ್ಲೇ, ಕಲ್ಲಿನ ಮೇಲೆ, ನೀರು ಹಾಕ್ಕೊಂಡು. ಕಲ್ಲು ಅಂದ್ರೆ ವಿಶೇಷ ಏನಲ್ಲ, ಎಸ್‌ಪಿ ರೋಡ್ ಸುತ್ತಮುತ್ತ ಹಾರ್ಡ್‌ವೇರ್ ಅಂಗಡೀಲಿ ಸಿಗೋ ಕಾರ್ಬೊರಂಡಮ್ ಕಲ್ಲು, ಒಂದು ಕಡೆ ಒರಟು ಒಂದು ಕಡೆ ನಯ. ಫಿನಿಶಿಂಗಿಗೆ ದಪ್ಪ ಗಾಜಿನ ಮೇಲೆ ವಾಟರ್ ಪೇಪರ್, ಅಂದ್ರೆ ನೀರು ಹಾಕಿ ಉಜ್ಜೋ ಸ್ಯಾಂಡ್ ಪೇಪರ್, ಅಂಟಿಸ್ಕೊಂಡ್ವಿ, 800, 1200, ಆಮೇಲೆ 2000, ನಂಬರ್ ಜಾಸ್ತಿ ಆದಷ್ಟೂ ನಯ.

ಆಂಗಲ್ ತಪ್ಪದೇ ಇರೋಕೆ ಅಪ್ಪ ಮಾಡೋದು ಇದು. ಪರ್ಮನೆಂಟ್ ಮಾರ್ಕರಲ್ಲಿ ಇಳಿಜಾರು ಪೂರ್ತಿ ಕಪ್ಪು ಬಳೀತಾರೆ. ಕಲ್ಲಿನ ಮೇಲೆ ಒಂದೆರಡು ಸಲ ಎಳೆದು ತಿರುಗಿಸಿ ನೋಡಿದ್ರೆ ಎಲ್ಲಿ ಕಪ್ಪು ಹೋಗಿದೆಯೋ ಅಲ್ಲಿ ಕಲ್ಲು ತಾಗ್ತಿದೆ. ಅಂಚಿನ ಹತ್ರ ಮಾತ್ರ ಹೋಗಿದ್ರೆ ಕೈ ಜಾಸ್ತಿ ಎತ್ತಿದೀರ, ಹಿಂದ್ಗಡೆ ಮಾತ್ರ ಹೋಗಿದ್ರೆ ಮಲಗಿಸಿದೀರ, ಇಡೀ ಪಟ್ಟಿ ಒಂದೇ ಸಮ ಹೋದ್ರೆ ಸರಿ. ಈಗ ಸೌಂಡ್ ಕೇಳಿ, ಕಲ್ಲು ಮೇಲಿನ ನೀರು ಬೂದಿ ಬಣ್ಣಕ್ಕೆ ತಿರುಗ್ತಾ ಬಂದಂಗೆ ಕರಕರ ಅನ್ನೋದು ಸ್ಸ್ ಅಂತ ಆಗ್ತಿದೆ. ಹೆಬ್ಬೆರಳನ್ನ ಅಂಚಿಂದ ಆಚೆಗೆ ಸವರಿದ್ರೆ, ಉದ್ದಕ್ಕೆ ಸವರ್ಬೇಡಿ ದಯವಿಟ್ಟು ಕೊಯ್ದುಬಿಡುತ್ತೆ, ಕೆಳಗಡೆ ಸಣ್ಣ ತಂತಿ ಥರ ತರಿ ಸಿಗುತ್ತೆ, ಅದೇ ಬರ್. ಅಂಚಿನ ಉದ್ದಕ್ಕೂ ಬರ್ ಬಂತು ಅಂದ್ರೆ ಈ ಕಡೆ ಕೆಲಸ ಮುಗೀತು. ಆ ಬರ್ ತೆಗೆಯೋಕೆ ಮಾತ್ರ ಕೆಳಗಿನ ಮುಖವನ್ನ ಗಾಜಿನ ಮೇಲಿನ 2000 ಪೇಪರಿಗೆ ಪೂರ್ತಿ ಚಪ್ಪಟೆಯಾಗಿ ಮಲಗಿಸಿ ಹಗುರವಾಗಿ ಒಂದೆಳೆತ. ಎತ್ತೋ ಹಾಗಿಲ್ಲ, ಎತ್ತಿದ್ರೆ ಮತ್ತೆ ಅದೇ ಕಥೆ.

ಎರಡು ಅಲಗಿಂದಲೂ ಸಮ ಸಮ ತೆಗೀಬೇಕು ಅನ್ನೋದು ಅಪ್ಪ ತುಂಬಾ ಒತ್ತಿ ಹೇಳಿದ ವಿಷಯ. ಒಂದು ಕುಳ್ಳಗಾದ್ರೆ ಕೆಲಸ ಎಲ್ಲ ಇನ್ನೊಂದರ ಮೇಲೆ ಬೀಳುತ್ತೆ, ಆಗರ್ ಓಲಾಡುತ್ತೆ, ತೂತು ಅಂಕುಡೊಂಕು. ವರ್ನಿಯರಲ್ಲಿ ಅಳೆದು ಅಳೆದು ಮಾಡಿದ್ರು. ಕೊನೇಲಿ ಟ್ಯೂಬ್‌ಲೈಟ್ ಕೆಳಗೆ ಅಂಚನ್ನ ನೇರ ಕಣ್ಣಿಗೆ ಹಿಡಿದು ನೋಡೋದು, ಮೊಂಡಾಗಿರೋ ಕಡೆ ಬಿಳಿ ಗೆರೆ ಹೊಳೆಯುತ್ತೆ, ಹರಿತ ಇರೋ ಕಡೆ ಬೆಳಕು ಹಿಡಿಯೋಕೆ ಜಾಗವೇ ಇರಲ್ಲ, ಕಪ್ಪಗೆ ಕಾಣುತ್ತೆ.

ಟೆಸ್ಟ್ ಮಾಡ್ಬೇಕಲ್ಲ. ಶಿವಾಜಿನಗರ ರಸೆಲ್ ಮಾರ್ಕೆಟ್ ಮೀನಿನ ಅಂಗಡಿಗಳಿಗೆ ಬರುತ್ತಲ್ಲ ದೊಡ್ಡ ಐಸ್ ಗಡ್ಡೆ, ಅಂಥದ್ದೊಂದು ಹೇಳಿ ತರಿಸಿ, ಗೋಣಿಚೀಲ ಸುತ್ತಿ, ಆಟೋದಲ್ಲಿ ತಂದು ಮಹಡಿ ಮೇಲೆ ಹತ್ತಿಸಿದ್ವಿ, ಡ್ರೈವರಣ್ಣನೂ ನಿಂತು ನೋಡಿದ್ರು. ಗಡ್ಡೆ ನಡುವೆ ಬೆಳ್ಳಗೆ ಮಬ್ಬು ಇದೆಯಲ್ಲ, ಫ್ಯಾಕ್ಟರೀಲಿ ಡಬ್ಬದೊಳಗಿನ ನೀರು ನಾಲ್ಕೂ ಗೋಡೆಯಿಂದ ಒಳಕ್ಕೆ ಹೆಪ್ಪುಗಟ್ಟುತ್ತಾ ಬರುತ್ತೆ, ಗಾಳಿ ಗುಳ್ಳೆ ಎಲ್ಲ ನಡುವೆ ಸಿಕ್ಕಾಕ್ಕೊಳ್ಳುತ್ತೆ. ಕೆರೇಲಿ ಮೇಲಿಂದ ಕೆಳಕ್ಕೆ ಹೆಪ್ಪುಗಟ್ಟೋದ್ರಿಂದ ಒಳ್ಳೆ ಐಸು ಗಾಜಿನಂಗೆ ಪಾರದರ್ಶಕ ಇರುತ್ತೆ. ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆಯೋರು ಐಸ್ ಮೇಲೆ ನಡೆಯೋಕೆ ಕನಿಷ್ಠ 4 ಇಂಚು ಇರ್ಲಿ ಅನ್ನೋದೂ ಅಂಥ ಸ್ವಚ್ಛ ಐಸಿಗೇನೆ, ಬಿಳಿ ಐಸ್ ಆದ್ರೆ ಅದರ ಡಬಲ್ ಬೇಕು.

ನೋಡಿ ಈಗ. ಒತ್ತೇ ಇಲ್ಲ, ಬರೀ ಆಗರ್ ಭಾರ, ಅಣ್ಣ ತಿರುಗಿಸ್ತಿದಾನೆ ಅಷ್ಟೇ. ಮೊದಲ ಸುತ್ತಲ್ಲೇ ಕಚ್ಚಿತು! ಬರ್ತಿರೋದು ಪುಡಿ ಅಲ್ಲ, ಚಕ್ಕೆ, ಬೆರಳುದ್ದ ಚಕ್ಕೆ. ಅಪ್ಪನ ಮುಖ ನೋಡಿ, ಏನೂ ಮಾತಾಡಲ್ಲ, ಆದ್ರೆ ನನಗೆ ಗೊತ್ತು ಎಷ್ಟು ಖುಷಿ ಆಗಿದೆ ಅಂತ. ಒಂದು ವಿಷಯ ಮನಸ್ಸಲ್ಲಿ ಇಟ್ಕೊಳ್ಳಿ, ನಮ್ಮ ಟೆರೇಸ್ ಬಿಸಿಲಲ್ಲಿ ಐಸು ಕರಗ್ತಾ ಸೊನ್ನೆ ಡಿಗ್ರೀಲಿ ಇದೆ, ಅಲ್ಲಿ ಅದು ಚಳಿ ಏರಿದಷ್ಟೂ ಗಟ್ಟಿ ಆಗ್ತಾ ಹೋಗುತ್ತೆ, ಹಂಗಾಗಿ ಈ ಸ್ಪೀಡ್ ಅಲ್ಲಿ ಸಿಗಲ್ಲ. ಕಚ್ಚುತ್ತಾ ಇಲ್ವಾ ಅನ್ನೋದಕ್ಕೆ ಈ ಟೆಸ್ಟ್ ಸಾಕು.

ಇನ್ನು ಅಲಗು ಯಾಕೆ ಮೊಂಡಾಗುತ್ತೆ ಅನ್ನೋದು. ಗಡಸುತನದ ಮೋಸ್ ಸ್ಕೇಲಲ್ಲಿ ಸೊನ್ನೆ ಡಿಗ್ರಿ ಐಸು ಬರೀ 1.5, ಅದರಿಂದ ಉಕ್ಕು ಸವೆಯೋದು ಕಮ್ಮಿ. ಸವೆಸೋದು ಮರಳು, ಅದರಲ್ಲಿರೋ ಕ್ವಾರ್ಟ್ಜ್ 7. ಗಾಡಿ ಟೈರಲ್ಲಿ ರೋಡಿಂದ ಬಂದಿದ್ದು, ದಡದ ಹತ್ರ ಗಾಳಿಗೆ ಹಾರಿ ಐಸ್ ಮೇಲೆ ಕೂತಿದ್ದು, ಇಲ್ಲಾಂದ್ರೆ ಆಳ ಕಮ್ಮಿ ಇರೋ ಕಡೆ ಐಸ್ ದಾಟಿ ಕೆಳಗೆ ಹೋಗಿ ಕೆರೆ ತಳಕ್ಕೇ ಕುಟ್ಟಿದ್ರೆ ಆ ಒಂದೇ ಏಟಿಗೆ ಅಂಚು ಹೋಯ್ತು. ಅದಕ್ಕೇ ಕೊರೆಯೋ ಮುಂಚೆ ಬೂಟಲ್ಲಿ ಜಾಗ ಒರೆಸ್ಕೊಳ್ಳೋದು. ಬೇರೆಯೋರು ಬಿಟ್ಟು ಹೋದ ಹಳೇ ತೂತು ಮತ್ತೆ ಹೆಪ್ಪುಗಟ್ಟಿರುತ್ತೆ, ಸುಲಭ ಅಂತ ಅದರ ಅಂಚಿಗೆ ಅಲಗು ಕೊಟ್ರೆ ಒಂದು ಕಡೆ ಸಿಕ್ಕಾಕ್ಕೊಂಡು ಜರ್ಕ್ ಹೊಡೆಯುತ್ತೆ, ಪಕ್ಕದಲ್ಲಿ ಹೊಸದೇ ಕೊರೀರಿ. ಮೆತ್ಕೊಂಡಿರೋ ಐಸ್ ಬೀಳಿಸೋಕೆ ಆಗರ್‌ನ ನೆಲಕ್ಕೆ ಕುಟ್ಟೋದಂತೂ ಬೇಡವೇ ಬೇಡ, ಅಣ್ಣ ತೂತಿಂದ ಎತ್ತಿದ ತಕ್ಷಣ ಎರಡು ಸಲ ಒದರಿ ಕವರ್ ಹಾಕ್ಬಿಡ್ತಾನೆ. ಮನೆಗೆ ಬಂದ್ಮೇಲೆ ಕವರ್ ತೆಗೆದು ಒಣಗಿಸಿ ಮೆಷಿನ್ ಎಣ್ಣೆ ಸವರಿ, ಒದ್ದೆ ಅಲಗು ಕವರೊಳಗೆ ಬಿಟ್ರೆ ತುಕ್ಕು ಅಂಚಿಂದಲೇ ಶುರು ಆಗೋದು. ಅಲಗಿನ ಸ್ಕ್ರೂ ಟೈಟ್ ಇದೆಯಾ ಅಂತ ಪ್ರತಿ ಸಲ ನೋಡ್ಕೊಳ್ಳಿ.

ಕೊನೇದಾಗಿ, ಸ್ವೀಡನ್ನಿನ ಮೋರಾ ಥರದ ಆಗರ್‌ಗಳಲ್ಲಿ ಕೆಲವಕ್ಕೆ ಅಲಗು ಚಪ್ಪಟೆ ಇರಲ್ಲ, ಬಾಗಿರುತ್ತೆ. ಅದನ್ನ ಈ ಚಪ್ಪಟೆ ಕಲ್ಲಿಗೆ ಹಾಕ್ಬೇಡಿ, ಬಾಗು ಹೋಗಿ ಅಲಗು ಹಾಳಾಗುತ್ತೆ. ಅದಕ್ಕೆ ಗುಂಡಗಿರೋ ಕೋಲಿಗೆ ವಾಟರ್ ಪೇಪರ್ ಸುತ್ತಿ ಒಳಗಿನ ಬಾಗಿನ ಜೊತೆಗೇ ಎಳೀಬೇಕು. ನಿಮ್ಮಲ್ಲಿ ಯಾರಾದ್ರೂ ಕೆನಡಾ, ಫಿನ್‌ಲ್ಯಾಂಡ್ ಕಡೆ ಇದ್ದು ಅಂಥದ್ದು ಉಪಯೋಗಿಸ್ತಿದ್ರೆ ಹೇಗೆ ಸಾಣೆ ಹಿಡೀತೀರ ಅಂತ ಬರೀರಿ, ಅಪ್ಪಂಗೆ ಓದಿ ಹೇಳ್ತೀನಿ.