ಬರೀ ಹೂಂ ಅಂದರೆ ಆಗಲಿಲ್ಲ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮಜ್ಜಿ ಕಥೆ ಹೇಳುವಾಗ ಒಂದು ಕರಾರು ಹಾಕುತ್ತಿದ್ದಳು. ಯಾರಾದರೂ ಒಬ್ಬರು ಹೂಂಗುಟ್ಟಬೇಕು. ಜಮಖಂಡಿ ಹತ್ತಿರದ ಊರು ನಮ್ಮದು. ಬೇಸಿಗೆ ರಾತ್ರಿ ಮಾಳಿಗೆ ಮೇಲೆ ಕೌದಿ ಹಾಸಿಕೊಂಡು ಆರೇಳು ಹುಡುಗರು ಮಲಗಿರುತ್ತಿದ್ದೆವು. ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ನಮ್ಮ ಹೂಂ ಸಣ್ಣಗಾಗುತ್ತಿತ್ತು. ಆಗ ಅಜ್ಜಿ "ರಾಜ ಕುದುರಿ ಏರಿದ" ಅನ್ನುವ ಕಡೆ "ರಾಜ ಹುಂಜ ಏರಿದ" ಅನ್ನುತ್ತಿದ್ದಳು. ಅದಕ್ಕೂ ನಾವು ಹೂಂ ಅಂದೆವೋ, ಕಥೆ ಅಲ್ಲಿಗೇ ಬಂದ್. ಎದ್ದು ಎಲ್ಲರ ಮೈಮೇಲೆ ಹೊದಿಕೆ ಎಳೆದು ತಾನೂ ಮಲಗಿಬಿಡುತ್ತಿದ್ದಳು.

ಹೂಂ ಅನ್ನುವುದೇ ಬೇರೆ, ಕೇಳಿಸಿಕೊಳ್ಳುವುದೇ ಬೇರೆ. ಅಜ್ಜಿಗೆ ಇದು ಗೊತ್ತಿತ್ತು. ನನಗೆ ಗೊತ್ತಾಗುವಷ್ಟರಲ್ಲಿ ಅರ್ಧ ಆಯುಷ್ಯ ಆಗಿತ್ತು, ಅದೂ ಒಬ್ಬ ಹಿರಿಯರಿಗೆ ನೋವು ಕೊಟ್ಟ ಮೇಲೆ.

ನಾನು ಒಂದು ಸಕ್ಕರೆ ಕಾರ್ಖಾನೆಯಲ್ಲಿ ಫೀಲ್ಡ್‌ಮನ್ ಆಗಿದ್ದೆ. ಯಾರ ಹೊಲದ ಕಬ್ಬು ಕಟಾವಿಗೆ ಬಂದಿದೆ ನೋಡುವುದು, ಸರತಿ ಪ್ರಕಾರ ಗ್ಯಾಂಗ್ ಕಳಿಸುವುದು, ಇದು ಕೆಲಸ. ಕಡಿಯುವವರು ಹೆಚ್ಚಾಗಿ ಮಹಾರಾಷ್ಟ್ರದ ಬೀಡ್ ಕಡೆಯವರು. ಅವರ ಮುಕಾದಮ, ಅಂದರೆ ಗ್ಯಾಂಗಿನ ಮುಖ್ಯಸ್ಥ, ಮರಾಠಿಯಲ್ಲಿ "ಹೋ, ಹೋ" ಅನ್ನುತ್ತಾನೆ. ಹೋ ಅಂದರೆ ಮರಾಠಿಯಲ್ಲಿ ಹೌದು. ಆದರೆ ಅದು ಬರುತ್ತೇನೆ ಅನ್ನುವ ಹೌದೋ, ನೀವು ಹೇಳಿದ್ದು ಕಿವಿಗೆ ಬಿತ್ತು ಅನ್ನುವ ಹೌದೋ? ಕೇಳುವ ಪುರಸೊತ್ತು ಯಾರಿಗಿತ್ತು. ಹಂಗಾಮು ಶುರುವಾದರೆ ಫೋನು ಕಿವಿಯಿಂದ ಇಳಿಯುತ್ತಿರಲಿಲ್ಲ. ಕಟಾವು ತಡವಾದರೆ ಕಬ್ಬು ಒಣಗಿ ತೂಕ ಬಿಡುತ್ತದೆ, ರೈತರ ಅವಸರ ಸುಮ್ನೆ ಅಲ್ಲ.

ಒಂದು ಸಲ ಹಿರಿಯ ರೈತರೊಬ್ಬರು ಕೇಳಿದರು, "ಸಾಹೇಬ್ರ, ಗ್ಯಾಂಗ್ ಯಾವಾಗ ಬರ್ತದ್ರಿ?" ನಾನಂದೆ, "ಶುಕ್ರವಾರ ನೋಡೋಣ್ರಿ ಯಜಮಾನ್ರ." ಅವರು "ಹೂಂ ಆತ್ರಿ" ಅಂದರು. ಮುಗಿಯಿತು. ಶುಕ್ರವಾರ ವಿಚಾರ ಮಾಡೋಣ ಅಂತ ನನ್ನ ಅರ್ಥ. ಶುಕ್ರವಾರ ಗ್ಯಾಂಗ್ ಬರುತ್ತದೆ ಅಂತ ಅವರ ಅರ್ಥ. ನಮ್ಮ ಕಡೆ ಈ "ನೋಡೋಣ್ರಿ" ಅನ್ನುವ ಮಾತಿಗೆ ಎಷ್ಟು ಅರ್ಥ ಇದೆ ಅಂತ ನೀವೇ ಯೋಚನೆ ಮಾಡಿ. ಆಗಲಿ ಅಂತಲೂ ಹೌದು, ಆಗುವುದಿಲ್ಲ ಅಂತ ಮುಖದ ಮೇಲೆ ಹೇಳಲಾರೆ ಅಂತಲೂ ಹೌದು, ಸದ್ಯ ನನ್ನನ್ನು ಬಿಡ್ರಿ ಅಂತಲೂ ಹೌದು. ಗ್ಯಾಂಗ್ ಹೋಗಿದ್ದು ಮುಂದಿನ ಮಂಗಳವಾರ. ಆ ಹಿರಿಯರು ಭೇಟಿಯಾದಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಹೇಳಿದ್ದು ನೋಡೋಣ ಅಂತ, ಬರ್ತದ ಅಂತಲ್ಲ ಅಂತ ನಾಲ್ಕು ಜನರ ಮುಂದೆ ವಾದ ಮಾಡಿದೆ. ಆ ವಾದದಲ್ಲಿ ಗೆದ್ದೆ ಕೂಡ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಹೂಂ ಆತ್ರಿ ಅನ್ನುವಂಥ ಒಂದು ಮಾತು ಎಷ್ಟು ದೊಡ್ಡ ಅನಾಹುತ ಮಾಡಬಹುದು ಅನ್ನುವುದಕ್ಕೆ ಒಂದು ಘಟನೆ ಹೇಳುತ್ತೇನೆ. 1977ರ ಮಾರ್ಚ್ 27. ಸ್ಪೇನ್ ದೇಶಕ್ಕೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣ. ದಟ್ಟ ಮಂಜು. ಒಂದೇ ರನ್‌ವೇ ಮೇಲೆ ಎರಡು ಬೋಯಿಂಗ್ 747 ವಿಮಾನಗಳು, ಒಂದಕ್ಕೊಂದು ಕಾಣುತ್ತಿಲ್ಲ. ಅದರಲ್ಲಿ ಕೆಎಲ್‌ಎಂ ಅನ್ನುವ ಡಚ್ ಕಂಪನಿಯ ವಿಮಾನದಿಂದ ರೇಡಿಯೋದಲ್ಲಿ ಮಾತು ಬಂತು, ನಾವೀಗ ಟೇಕಾಫ್‌ನಲ್ಲಿದ್ದೇವೆ ಅಂತ. ಕಂಟ್ರೋಲ್ ಟವರಿನವರು ಹಾರಲು ತಯಾರಾಗಿ ನಿಂತಿದ್ದಾರೆ ಅಂದುಕೊಂಡು "ಓಕೆ" ಅಂದರು. ಆಮೇಲೆ ಕಾಯಿರಿ, ನಾನು ಹೇಳುತ್ತೇನೆ ಅಂತಲೂ ಅಂದರು. ಅದೇ ಹೊತ್ತಿಗೆ ಇನ್ನೊಂದು ವಿಮಾನದವರೂ ಮಾತಾಡಿದ್ದರಿಂದ ಆ ಮಾತು ಕೀರಲು ಸದ್ದಿನಲ್ಲಿ ಹೂತುಹೋಯಿತು. ಕೆಎಲ್‌ಎಂನವರಿಗೆ ಸ್ವಚ್ಛವಾಗಿ ಕೇಳಿದ್ದು ಓಕೆ ಅನ್ನುವುದೊಂದೇ. ವಿಮಾನ ಆಗಲೇ ಓಡುತ್ತಿತ್ತು. ಎರಡೂ ಡಿಕ್ಕಿ ಹೊಡೆದು 583 ಜನ ಸತ್ತರು. ಕಾರಣ ಅದೊಂದೇ ಅಲ್ಲ ನಿಜ, ಆದರೆ ಅದಾದ ಮೇಲೆ ವಿಮಾನದವರ ಮಾತಿನ ರೀತಿಯೇ ಬಿಗಿಯಾಯಿತು. ಟೇಕಾಫ್ ಅನ್ನುವ ಪದವನ್ನು ಹಾರಲು ಅನುಮತಿ ಕೊಡುವಾಗ, ಇಲ್ಲವೇ ಆ ಅನುಮತಿ ರದ್ದು ಮಾಡುವಾಗ ಮಾತ್ರ ಬಳಸಬೇಕು. ಮುಖ್ಯ ಸೂಚನೆಗೆ ಬರೀ ಓಕೆ ಅಂದರೆ ಸಾಲದು, ಕೇಳಿಸಿಕೊಂಡಿದ್ದನ್ನು ತಿರುಗಿ ಹೇಳಬೇಕು.

ತಿರುಗಿ ಹೇಳುವುದು. ಇಷ್ಟೇ ನಾನು ಕಲಿತದ್ದು. ಆಮೇಲಾಮೇಲೆ ಫೋನು ಇಡುವ ಮೊದಲು ನಾನೇ ಹೇಳತೊಡಗಿದೆ, "ಯಜಮಾನ್ರ, ಶುಕ್ರವಾರ ನಾನು ಫೋನ್ ಮಾಡ್ತೀನಿ, ಗ್ಯಾಂಗ್ ಬರೂದು ಇನ್ನೂ ಪಕ್ಕಾ ಇಲ್ಲ. ನಾ ಬರೋಬರಿ ಹೇಳೀನಿ ಇಲ್ಲೋ, ನೀವೊಮ್ಮೆ ಹೇಳ್ರಿ." ತಿಳೀತಾ ಅಂತ ಮಾತ್ರ ಕೇಳಬೇಡಿ. ತಿಳೀತಾ ಅಂದರೆ ಯಾರಾದರೂ ಹೂಂ ಅಂತಲೇ ಅನ್ನುತ್ತಾರೆ, ತಿಳಿಯಲಿಲ್ಲ ಅನ್ನಲು ನಾಚಿಕೆ ಅಲ್ವಾ. ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ಅಂದಾಗ ಭಾರ ನಮ್ಮ ಮೇಲೆ ಬರುತ್ತದೆ, ಎದುರಿನವರು ಹಗುರಾಗಿ ಮಾತಾಡುತ್ತಾರೆ. ಕೆಲವು ದವಾಖಾನೆಗಳಲ್ಲೂ ಹೀಗೆ ಕೇಳುತ್ತಾರೆ, ಟೀಚ್-ಬ್ಯಾಕ್ ಅನ್ನುತ್ತಾರೆ ಅದಕ್ಕೆ. ದಿನಕ್ಕೆ ಎರಡು ಗುಳಿಗೆ ಅಂದರೆ ಬೆಳಿಗ್ಗೆ ಒಂದು ಸಂಜೆ ಒಂದೋ, ಎರಡೂ ಒಂದೇ ಸಲವೋ? ರೋಗಿ ಬಾಯಿಂದ ಕೇಳಿದರೇ ಗೊತ್ತಾಗುವುದು.

ಇಲ್ಲಿ ಒಂದು ಮಾತು. ಟ್ರೇನಿಂಗುಗಳಲ್ಲಿ ಹೇಳುತ್ತಾರೆ, ಮಾತಿನಲ್ಲಿ ಶಬ್ದದ ಪಾಲು ಬರೀ 7 ಪರ್ಸೆಂಟ್, ಉಳಿದ 93 ಪರ್ಸೆಂಟ್ ದನಿ ಮತ್ತು ಮುಖಭಾವ ಅಂತ. ದಯವಿಟ್ಟು ನಂಬಬೇಡಿ. 1967ರಲ್ಲಿ ಆಲ್ಬರ್ಟ್ ಮೆಹ್ರಾಬಿಯನ್ ಮಾಡಿದ ಪ್ರಯೋಗಗಳ ಲೆಕ್ಕ ಅದು. ಮಾತು ಒಂದು, ಮುಖ ಇನ್ನೊಂದು ಹೇಳುವಾಗ ಎದುರಿನವರ ಇಷ್ಟಾನಿಷ್ಟ ಹೇಗೆ ಅಳೆಯುತ್ತೇವೆ ಅನ್ನುವುದಕ್ಕೆ ಮಾತ್ರ ಅದು. ಶುಕ್ರವಾರವೋ ಮಂಗಳವಾರವೋ ಅನ್ನುವುದನ್ನು ಮುಖ ನೋಡಿ ತಿಳಿಯಲು ಆಗುವುದಿಲ್ಲ. ಅದಕ್ಕೆ ಶಬ್ದವೇ ಬೇಕು.

ತಾರೀಖು, ವಾರ ತಿರುಗಿ ಹೇಳುವುದು ಸುಲಭ. ಎದುರಿನವರ ಸಂಕಟ ತಿರುಗಿ ಹೇಳುವುದು ಕಷ್ಟ. ಆ ಹಿರಿಯರ ಮನೆಗೆ ತಿಂಗಳ ಮೇಲೆ ಒಂದು ದಿನ ಹೋದೆ. ಕಟ್ಟೆ ಮೇಲೆ ಕೂರಿಸಿದರು, ನೀರು ಕೊಟ್ಟರು, ಆಮೇಲೆ ಬೈಯಲು ಶುರು ಮಾಡಿದರು. ನಡುನಡುವೆ ನಾಲಿಗೆ ತುದಿಗೆ ಬರುತ್ತಿತ್ತು, ಹಂಗಲ್ರಿ, ನಾ ಹಂಗ ಅಂದಿಲ್ರಿ ಅಂತ. ನುಂಗಿಕೊಂಡೆ. ಅರ್ಧ ತಾಸು ಆದ ಮೇಲೆ ಒಂದು ವಿಷಯ ಬಂತು. ಆ ಶುಕ್ರವಾರ ಅವರ ಮಗಳ ಕುಬಸ, ಅಂದರೆ ಸೀಮಂತ ಇತ್ತು, ಮುಧೋಳ ಕಡೆ ಊರಲ್ಲಿ. ಗ್ಯಾಂಗ್ ಬರುತ್ತದೆ ಅಂತ ಇವರು ಹೋಗಲಿಲ್ಲ. ಹೊಲದ ಬದುವಿನ ಮೇಲೆ ಸಂಜೆ ತನಕ ಒಬ್ಬರೇ ಕೂತಿದ್ದರು. ನಾನು ಮೆಲ್ಲಗೆ ಅಂದೆ, "ಕಬ್ಬು ತಡಾ ಆಗಿದ್ದಕ್ಕಲ್ಲ, ಮಗಳ ಕುಬಸಕ್ಕ ಅಪ್ಪ ಇರಲಿಲ್ಲ ಅನ್ನೂದು ನಿಮಗ ಚುಚ್ಚೇದ, ಹೌದಲ್ರಿ?" ಅವರು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಒಳಗೆ ತಿರುಗಿ, "ಚಾ ಇಡ್ರಿ, ಸಾಹೇಬ್ರು ಬಂದಾರ" ಅಂದರು.

ಹೀಗೆ ಕೇಳುವುದಕ್ಕೆ ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1957ರಲ್ಲೇ ಆಕ್ಟಿವ್ ಲಿಸನಿಂಗ್ ಅಂತ ಹೆಸರಿಟ್ಟಿದ್ದಾರೆ. ನನಗೆ ಅದು ಗೊತ್ತಾಗಿದ್ದು ಆ ಚಹಾ ಕುಡಿದು ಎಷ್ಟೋ ದಿನದ ಮೇಲೆ.

ಮನೆಯಲ್ಲಿ ಇನ್ನೂ ಕಷ್ಟ. ಮಗಳು ಬೆಳಗಾವಿಯಲ್ಲಿ ಓದುತ್ತಾಳೆ. ದಿನಾ ರಾತ್ರಿ ಫೋನು. ಊಟ ಆಯ್ತಾ? ಹೂಂ. ಅಭ್ಯಾಸ ನಡದದ? ಹೂಂ. ಆರು ತಿಂಗಳು ಹೀಗೇ ನಡೆಯಿತು. ಒಂದು ರಾತ್ರಿ ಊಟ ಆಯ್ತಾ ಅನ್ನದೆ, "ಇವತ್ತ ಯಾರ ಜೋಡಿ ಊಟಾ ಮಾಡಿದಿ?" ಅಂತ ಕೇಳಿದೆ. ಆ ಕಡೆ ಸದ್ದಿಲ್ಲ. ಆಮೇಲೆ ಅಂದಳು, "ಒಬ್ಬಾಕೇ, ಅಪ್ಪಾ. ದಿನಾ ಒಬ್ಬಾಕೇ."

ಗೆಳತಿಯರನ್ನು ಮಾಡ್ಕೊ, ಎಲ್ಲರ ಜೋಡಿ ಬೆರಿ, ನಮ್ಮ ಕಾಲದಾಗ ಹಿಂಗಿರಲಿಲ್ಲ, ಎಲ್ಲಾ ಬಾಯಿಗೆ ಬಂದಿತ್ತು. ಯಾವುದೂ ಅನ್ನಲಿಲ್ಲ. "ಒಬ್ಬಾಕೇ ಉಣ್ಣೂದು ಬ್ಯಾಸರ ಆಗ್ತದಲ್ಲವಾ" ಅಂದೆ, ಅಷ್ಟೇ. ಅವತ್ತು ಅವಳು ಮುಕ್ಕಾಲು ತಾಸು ಮಾತಾಡಿದಳು. ಹೂಂಗುಟ್ಟಿದ್ದು ನಾನು.

ನಮಸ್ಕಾರ.