ಕೊಂಬು ಹಿಡಿದೆತ್ತುವವನು

(ಬಾಗಲಕೋಟೆ ಜಿಲ್ಲೆಯ ಹಿನ್ನೀರ ಬದಿಯ ಊರೊಂದರಲ್ಲಿ, ಶ್ರಾವಣ ಮಾಸದ ಪ್ರವಚನದಲ್ಲಿ ಆಡಿದ ಮಾತು)

ಎಲ್ಲರಿಗೂ ಶರಣು ಶರಣಾರ್ಥಿ.

ಮಳೆ ಹನಿಯುತ್ತಿದ್ದರೂ ಇಷ್ಟು ಮಂದಿ ಬಂದಿದ್ದೀರಿ. ಹೊಲದಿಂದ ಸೀದಾ ಬಂದವರೂ ಇದ್ದೀರಿ, ಕಾಲಿನ ರಾಡಿ ನೋಡಿದರೇ ತಿಳಿಯುತ್ತದೆ. ಇವತ್ತು ನನ್ನ ಮಾತೂ ಆ ರಾಡಿಯದ್ದೇ.

ಬಸವಣ್ಣನವರ ಒಂದು ಸಣ್ಣ ವಚನ ನಿಮಗೆಲ್ಲ ಗೊತ್ತು. "ಕೆಸರಲ್ಲಿ ಬಿದ್ದ ಪಶುವಿನಂತೆ ಆನು ದೆಸೆದೆಸೆಗೆ ಬಾಯ ಬಿಡುತಿರ್ದೆನಯ್ಯಾ. ಅಯ್ಯಾ, ಆರೈವವರಿಲ್ಲ. ಅಕಟಕಟಾ ಪಶುವೆಂದೆನ್ನ ಕೂಡಲಸಂಗಮದೇವ ಕೊಂಬ ಹಿಡಿದೆತ್ತುವನ್ನಕ್ಕ." ಇಷ್ಟೇ. ಶಾಲೆಯಲ್ಲಿ ನಾನು ಇದನ್ನು ಬಾಯಿಪಾಠ ಮಾಡಿದ್ದೆ, ಮಾಸ್ತರನಾದ ಮೇಲೆ ಮಕ್ಕಳಿಂದ ಮಾಡಿಸಿದೆ. ಆದರೆ ಇದರ ಅರ್ಥ ನನಗೆ ಹೊಳೆದದ್ದು ಒಂದು ಆಕಳಿನಿಂದ.

ಆಗ ನನಗೆ ಹದಿನೈದು ವರ್ಷ. ಬ್ಯಾಸಗಿ. ಹಿನ್ನೀರು ಇಳಿದಾಗ ನದಿಯ ದಂಡೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಮೇಲೆ ಒಣಗಿ ಬಿರುಕು ಬಿಟ್ಟ ಮಣ್ಣು, ಒಳಗೆ ಹಸಿ ಹೂಳು. ನಡುವೆ ಅಲ್ಲಲ್ಲಿ ಹಸಿರು ಹುಲ್ಲು ಚಿಗುರಿರುತ್ತದೆ. ನಮ್ಮ ಸೋದರಮಾವನ ಆಕಳು ಆ ಹಸಿರಿನ ಆಸೆಗೆ ಹೋಗಿ ಹೊಟ್ಟೆಮಟ ಹುಗಿದುಬಿಟ್ಟಿತ್ತು. ಮುಂಜಾನೆ ಒದರುತ್ತಿದ್ದ ಆಕಳು ಮಧ್ಯಾಹ್ನದ ಹೊತ್ತಿಗೆ ದನಿ ಕಳಕೊಂಡಿತ್ತು. ಬಾಯಿ ತೆರೆಯುತ್ತಿತ್ತು, ದನಿ ಬರುತ್ತಿರಲಿಲ್ಲ. ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಮುಖ ತಿರುವುತ್ತಿತ್ತು. "ದೆಸೆದೆಸೆಗೆ ಬಾಯ ಬಿಡು" ಎಂದರೆ ಏನೆಂದು ನಾನು ಅವತ್ತು ಕಣ್ಣಾರೆ ಕಂಡೆ.

ನಾವು ಹುಡುಗರು ಕೊರಳಿಗೆ ಹಗ್ಗ ಹಾಕಿ ಜಗ್ಗತೊಡಗಿದೆವು. ದಂಡೆಯ ಮೇಲೆ ನಿಂತವರು ಒಬ್ಬೊಬ್ಬರೂ ಒಂದೊಂದು ಮಾತು. "ಅಲ್ಲಿಗ್ಯಾಕ ಹೋತು ಇದು? ಇತ್ಲಾಗ ಹುಲ್ಲ ಇದ್ದಿಲ್ಲೇನು?" ಅಷ್ಟರಲ್ಲಿ ಒಬ್ಬ ಮುದುಕ ಬಂದರು. "ಕೊಳ್ಳಿಗೆ ಹಗ್ಗ ಹಾಕಬ್ಯಾಡ್ರಲೇ, ಉಸಿರು ಕಟ್ಟತೈತಿ" ಎಂದು ಗದರಿದರು. ಧೋತರ ಮೇಲೆ ಕಟ್ಟಿ ತಾವೇ ಇಳಿದರು. ಒಂದು ಕೈಯಿಂದ ಕೊಂಬು ಹಿಡಿದು ಮುಖವನ್ನು ರಾಡಿಯಿಂದ ಮೇಲೆತ್ತಿದರು, ಮೂಗಿನ ಹೊಳ್ಳೆ ಮುಚ್ಚಬಾರದಲ್ಲ. ಇನ್ನೊಂದು ಕೈಯಿಂದ ಮುಂಗಾಲಿನ ಸುತ್ತ ಹೂಳು ಬಗೆದರು. ಕಣಿಕಿ ಹಾಸಿಸಿದರು, ಗೋಣಿಚೀಲ ಹಾಸಿಸಿದರು. ಎದೆಯ ಅಡಿಯಿಂದ ಹಗ್ಗ ತೂರಿಸಿದ ಮೇಲೆ ನಮಗೆ ಜಗ್ಗಲು ಹೇಳಿದರು. ಅಷ್ಟು ಹೊತ್ತೂ ಅವರ ಬಾಯಲ್ಲಿ ಒಂದೇ ಮಾತು: "ಬಾ ನಮ್ಮವ್ವಾ, ಬಾ." ಆಕಳು ಮೇಲೆ ಬಂದಾಗ ಆಕಳಿಗೂ ಅವರಿಗೂ ಗುರುತು ಸಿಗದಷ್ಟು ರಾಡಿ ಹತ್ತಿತ್ತು.

"ಯಾಕ ಹೋತು" ಎಂದು ಕೇಳಿದವರು ದಂಡೆಯ ಮೇಲಿದ್ದರು. ಇಳಿದವರು ಅದನ್ನು ಕೇಳಲಿಲ್ಲ. ಈಗ ವಚನಕ್ಕೆ ಬನ್ನಿ. ಕೂಡಲಸಂಗಮದೇವನ ಬಾಯಿಂದ ಬರುವ ಮೊದಲ ಮಾತು ಯಾವುದು? ಪ್ರಶ್ನೆಯಲ್ಲ, ಬೈಗುಳವಲ್ಲ. "ಅಕಟಕಟಾ!" ನಮ್ಮ ತಾಯಂದಿರು ಬಿದ್ದ ಕೂಸನ್ನು ಕಂಡು "ಅಯ್ಯ ನನ್ನ ಕೂಸ" ಅನ್ನುತ್ತಾರಲ್ಲ, ಅಂಥದ್ದು. ದೇವರೇ ನಿಟ್ಟುಸಿರು ಬಿಡುತ್ತಾನೆ. ಇನ್ನು ಕೊಂಬು ಹಿಡಿಯುವುದು. ದೂರ ನಿಂತು ಹಗ್ಗ ಎಸೆಯಬಹುದು, ಕೊಂಬು ಹಿಡಿಯಲಾಗದು. ಅದಕ್ಕೆ ಮುಖದ ಹತ್ತಿರ ಬರಬೇಕು, ರಾಡಿಗೆ ಇಳಿಯಬೇಕು. ನಮ್ಮ ಕೆಸರಿಗೆ ಹೇಸದ ದೇವರನ್ನು ಬಸವಣ್ಣ ಕಂಡಿದ್ದಾರೆ.

ಕೊನೆಯ ಪದ "ಎತ್ತುವನ್ನಕ್ಕ". ಎತ್ತುವ ತನಕ ಎಂದರ್ಥ. ಅಂದರೆ ಈ ಮಾತಾಡುವಾಗ ಇನ್ನೂ ಎತ್ತಿಲ್ಲ. ವಚನ ಹುಟ್ಟಿದ್ದು ಕೆಸರಿನೊಳಗಿಂದಲೇ. ದಂಡೆಗೆ ಬಂದು ಮೈ ತೊಳೆದುಕೊಂಡು ಹಾಡಿದ್ದಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ.

ಯಾಕೆ ಎಂದು ಹೇಳುತ್ತೇನೆ. ನಮ್ಮೂರಲ್ಲಿ ಒಬ್ಬನಿದ್ದಾನೆ, ಹೆಸರು ಬೇಡ. ಕುಡಿತಕ್ಕೆ ಬಿದ್ದು ಹೊಲ ಮಾರಿದ, ಹೆಂಡತಿ ತವರಿಗೆ ಹೋದಳು. ಪ್ರವಚನ ನಡೆದಾಗ ಬರುತ್ತಿದ್ದ, ಆದರೆ ಒಳಗೆ ಬರುತ್ತಿರಲಿಲ್ಲ. ಚಪ್ಪಲಿ ಬಿಡುವಲ್ಲಿ ನಿಂತು ಕೇಳಿ ಹೋಗುತ್ತಿದ್ದ. ಒಂದು ದಿನ "ಒಳಗ ಬಾ ತಮ್ಮಾ" ಎಂದೆ. "ಬ್ಯಾಡ್ರಿ ಮಾಸ್ತರ, ಕುಡಿಯೂದು ಬಿಟ್ಟ ಮ್ಯಾಲೆ ಬರ್ತೀನ್ರಿ" ಎಂದ. ನಾನು "ಆತು, ಹಂಗ ಮಾಡು" ಎಂದು ಒಳಗೆ ಹೋಗಿಬಿಟ್ಟೆ. ಎಷ್ಟು ಒಳ್ಳೆಯ ಮಾತಾಡಿದ ಎಂದುಕೊಂಡೆ. ಮನೆಗೆ ಹೋಗುವ ದಾರಿಯಲ್ಲಿ ಆ ಆಕಳು ನೆನಪಾಯಿತು. ರಾಡಿಯಿಂದ ಹೊರಗೆ ಬಂದ ಮೇಲೆ ಒದರುತ್ತೇನೆ ಎಂದು ಯಾವ ಪಶುವಾದರೂ ಅನ್ನುತ್ತದೆಯೇ? ಅವನು ಹಾಗಂದ, ನಾನು ಹೂಂ ಅಂದೆ. ತಪ್ಪು ನನ್ನದು.

ಶರಣರು ಹಾಗೆ ಅನ್ನಲಿಲ್ಲ. ಉರಿಲಿಂಗಪೆದ್ದಿ ಮೊದಲು ಕಳ್ಳನಾಗಿದ್ದವನು ಎಂದು ಶರಣ ಪರಂಪರೆ ಹೇಳುತ್ತದೆ. ಕದಿಯಲು ಹೊಕ್ಕ ಮನೆಯಲ್ಲಿ ಉರಿಲಿಂಗದೇವರೆಂಬ ಗುರು ದೀಕ್ಷೆ ಕೊಡುವುದನ್ನು ಕಂಡು, ನನಗೂ ಬೇಕು ಎಂದು ಹಂಬಲಿಸಿದ. ಮುಂದೆ ಅದೇ ಗುರುವಿನ ಪೀಠಕ್ಕೆ ಬಂದ. ಬಸವಣ್ಣನವರ ಮನೆಯ ಆಕಳನ್ನು ಕಳ್ಳರು ಹೊಡೆದುಕೊಂಡು ಹೋದ ಕಥೆಯೂ ಉಂಟು. ಬೊಬ್ಬೆ ಹಾಕಬೇಡಿ, ಹುಡುಕಾಡಬೇಡಿ, ಅಲ್ಲಿ ಉಂಡರೂ ಸಂಗನೇ, ಇಲ್ಲಿ ಉಂಡರೂ ಸಂಗನೇ ಎಂಬ ಭಾವದ ಅವರ ವಚನವೇ ಇದೆ. ಕಳ್ಳನ ಮನೆಯಲ್ಲಿ ಹಾಲು ಕುಡಿಯುವವನೂ ದೇವರೇ ಎಂದು ಒಪ್ಪುವುದು ಹಗುರ ಮಾತಲ್ಲ.

ಹಿಂದೊಮ್ಮೆ ವಿಜಯಪುರದ ಒಬ್ಬ ಮೌಲ್ವಿ ಸಾಹೇಬರು ತಮ್ಮ ಪೈಗಂಬರರ ಮಾತೊಂದನ್ನು ನನಗೆ ಹೇಳಿದ್ದರು. ಮರುಭೂಮಿಯಲ್ಲಿ ಅನ್ನ ನೀರು ಹೊತ್ತ ಒಂಟೆ ಕಳಕೊಂಡು, ಸಾವೇ ಗತಿ ಎಂದು ಮಲಗಿದವನು ಕಣ್ಣು ತೆರೆದಾಗ ಒಂಟೆ ಎದುರಿಗೇ ನಿಂತಿದ್ದರೆ ಎಷ್ಟು ಹಿಗ್ಗುತ್ತಾನೋ, ತಿರುಗಿ ಬಂದ ಮನುಷ್ಯನನ್ನು ಕಂಡು ದೇವರು ಅದಕ್ಕಿಂತ ಹೆಚ್ಚು ಹಿಗ್ಗುತ್ತಾನಂತೆ. ಅಲ್ಲಿ ಒಂಟೆ, ನಮ್ಮಲ್ಲಿ ಆಕಳು. ಕಳಕೊಂಡವನ ಸಂಕಟ ದನ ಕಟ್ಟಿದ ಮನೆಯವರಿಗೆ ಗೊತ್ತು.

"ಹಂಗಾದ್ರ ಏನ ಮಾಡಿದ್ರೂ ನಡೀತೈತೇನ್ರಿ?" ಎಂದು ನೀವು ಕೇಳುತ್ತೀರಿ. ಕೇಳಬೇಕು. ಇದಕ್ಕೆ ಉತ್ತರ ನನಗೆ ಆ ಕುಡಿತದ ಹುಡುಗನ ಅವ್ವನ ಹತ್ತಿರ ಸಿಕ್ಕಿತು. ಮರುದಿನ ನಾನು ಅವನ ಮನೆಗೆ ಹೋದೆ. ಅವನಿರಲಿಲ್ಲ, ಅವ್ವ ರೊಟ್ಟಿ ಬಡಿಯುತ್ತಿದ್ದಳು. ಟ್ರಂಕಿಗೆ ಕೀಲಿ ಹಾಕಿ ಕೀಲಿಕೈಯನ್ನು ಕೊರಳ ದಾರಕ್ಕೆ ಕಟ್ಟಿಕೊಂಡಿದ್ದಳು. "ರೊಕ್ಕ ಮಾತ್ರ ಅವನ ಕೈಯಾಗ ಕೊಡೂದಿಲ್ರಿ ಮಾಸ್ತರ. ಖರೇ ಎಷ್ಟೊತ್ತಿಗೆ ಬಂದ್ರೂ ಎರಡ ರೊಟ್ಟಿ ಮುಚ್ಚಿಟ್ಟಿರ್ತೀನಿ" ಎಂದಳು. ಟ್ರಂಕಿಗೆ ಕೀಲಿ ಇತ್ತು. ಬಾಗಿಲಿಗೆ ಇರಲಿಲ್ಲ.

ಕ್ಷಮೆ ಸಿಕ್ಕವರೇ ಸಡಿಲಾಗುತ್ತಾರೆ ಎನ್ನುವವರಿಗೆ ನಾನು ಶರಣೆ ಸೂಳೆ ಸಂಕವ್ವೆಯ ಹೆಸರು ಹೇಳುತ್ತೇನೆ. ಆಕೆಯದು ನಮಗೆ ಉಳಿದಿರುವುದು ಒಂದೇ ವಚನ. ಒಬ್ಬನ ಒತ್ತೆ, ಅಂದರೆ ಅವನು ಕೊಟ್ಟ ಹಣ, ಹಿಡಿದ ಮೇಲೆ ಮತ್ತೊಬ್ಬನದನ್ನು ಹಿಡಿಯಲಾರೆ ಎನ್ನುತ್ತಾಳೆ. ತನ್ನ ಕಸುಬಿನ ಮಾತಿನಲ್ಲೇ ಎಂಥ ಕಟ್ಟುನಿಟ್ಟಾದ ನಿಷ್ಠೆ ಹೇಳಿದ್ದಾಳೆ ನೋಡಿ. ಅವಳ ಅಂಕಿತ ನಿರ್ಲಜ್ಜೇಶ್ವರ. ನಾಚಿಕೆ ಇಲ್ಲದ ಈಶ್ವರ. ಊರು ಅವಳ ಬಾಗಿಲಿಗೆ ಹಗಲಲ್ಲಿ ಹೋಗಲು ನಾಚಿರಬಹುದು, ಅವಳ ದೇವರು ನಾಚಲಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ.

ಆ ಹುಡುಗ ಪೂರ್ತಿ ಬಿಟ್ಟಿದ್ದಾನೆ ಎಂದು ನಾನು ಹೇಳಲಾರೆ. ಬಿಡುತ್ತಾನೆ, ಜಾರುತ್ತಾನೆ, ಮತ್ತೆ ಬಿಡುತ್ತಾನೆ. ಆದರೆ ಈಗ ಒಳಗೆ ಕೂಡುತ್ತಾನೆ. ಕಂಬದ ಬದಿಗೆ, ಅವ್ವನ ಹಿಂದೆ.

ಮಾತು ಇಲ್ಲಿಗೆ ಸಾಕು, ಪ್ರಸಾದಕ್ಕೆ ಹೊತ್ತಾಯಿತು. ಅಲ್ಲಿ ಚಪ್ಪಲಿಯ ಹತ್ತಿರ ಮಳೆಯಲ್ಲಿ ಇಬ್ಬರು ಮೂವರು ನಿಂತಿದ್ದೀರಿ, ಆಗಿನಿಂದ ನೋಡುತ್ತಿದ್ದೇನೆ. ಒಳಗ ಬರ್ರಿ. ಕಾಲು ರಾಡಿ ಆಗಿದ್ರೂ ಬರ್ರಿ, ಜಮಖಾನೆ ನಾಳೆ ತೊಳದ್ರಾತು.